ಬರ್ನ್ಲಿಯಲ್ಲಿ ಒಲೆ ಹಚ್ಚದ ದಿನ

ಇವತ್ತು ಸೋಮವಾರ, ಬಟ್ಟೆ ಒಗೆಯುವ ದಿನ, ಎಂದು ಎಚ್ಚರವಾದ ಕೂಡಲೇ ಸಂಕಪ್ಪನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಅವನ ಮನೆಯಲ್ಲಿ ಬಟ್ಟೆ ಒಗೆಯುವುದಕ್ಕೆ ವಾರವಿಲ್ಲ. ಮಷೀನು ತುಂಬಿದಾಗ ಲೋಲಾಕ್ಷಿ ಗುಂಡಿ ಒತ್ತುತ್ತಾಳೆ, ಮಸ್ಕತ್ತಿನ ಬಿಸಿಲಿಗೆ ಬಾಲ್ಕನಿಯಲ್ಲಿ ಅರ್ಧ ಗಂಟೆಗೆಲ್ಲ ಒಣಗಿ ಹಪ್ಪಳವಾಗುತ್ತದೆ. ಸೋಮವಾರ ಬಟ್ಟೆ ಒಗೆಯುವುದು ಬರ್ನ್ಲಿಯಲ್ಲಿ. ಇಂಗ್ಲೆಂಡಿನ ಉತ್ತರಕ್ಕಿರುವ ಆ ಬಟ್ಟೆ ಮಿಲ್ಲುಗಳ ಊರಿನಲ್ಲಿ, ಅದೂ ಸಾವಿರದ ಒಂಬೈನೂರ ಐವತ್ತಮೂರರಲ್ಲಿ. ಸಾಲುಮನೆಗಳ ಹಿಂದಿನ ಓಣಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಬಿಗಿದು ಬಿಳಿ ಹೊದಿಕೆಗಳನ್ನು ಹರವಿರುತ್ತಾರೆ. ಅಷ್ಟರಲ್ಲಿ ಕಲ್ಲಿದ್ದಲು ಗಾಡಿಯವನು ಬಂದನೋ, ಹೆಂಗಸರೆಲ್ಲ ಹೊರಗೋಡಿ ಬಂದು ಅವನ ಜನ್ಮ ಜಾಲಾಡುತ್ತಾ ಕೋಲಿನಿಂದ ಹಗ್ಗವನ್ನು ಎತ್ತಿ ಹಿಡಿಯುತ್ತಾರೆ. ಸಂಕಪ್ಪ ಇಂಗ್ಲೆಂಡನ್ನು ನಕ್ಷೆಯಲ್ಲಿ ಬಿಟ್ಟರೆ ಎಲ್ಲೂ ಕಂಡವನಲ್ಲ. ಚಳಿಯೆಂದರೆ ಅವನಿಗೆ ಗೊತ್ತಿರುವುದು ಆಫೀಸಿನ ಏಸಿ. ಆದರೂ ಚಳಿಗಾಲದಲ್ಲಿ ಕಾಲ್ಬೆರಳು ಊದಿ ಕೆಂಪಾಗಿ ತುರಿಸುವುದು, ಕಿಟಕಿಯ ಗಾಜಿನ ಒಳಮೈಯಲ್ಲಿ ಬೆಳಗಿನ ಹೊತ್ತು ಹಿಮ ಗೆರೆ ಬರೆದಿರುವುದು, ಬಾಗಿಲ ಮೆಟ್ಟಿಲ ಮೇಲಿಟ್ಟ ಹಾಲಿನ ಬಾಟಲಿಯ ತಗಡಿನ ಮುಚ್ಚಳವನ್ನು ಪುಟ್ಟ ಹಕ್ಕಿ ಕುಕ್ಕಿ ಕೆನೆ ತಿಂದು ಹೋಗಿರುವುದು, ಎಲ್ಲ ಗೊತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಹುಟ್ಟಿದವನಿಗೆ ಇದೆಲ್ಲ ಯಾಕೆ ಗೊತ್ತಿರಬೇಕು? ಸಾಲದ್ದಕ್ಕೆ ಇತ್ತೀಚೆಗೆ ಜೆಪ್ಪು ನೆನಪಾಗಬೇಕಾದರೇ ತಿಣುಕಬೇಕು.

ಇದೆಲ್ಲ ಎಡ್ಮಂಡ್ ಸಾಹೇಬರ ಬಾಲ್ಯ. ಸಾಹೇಬರಿಗೆ ಈಗ ಎಂಬತ್ತೊಂದು. ನಲವತ್ತೇಳು ವರ್ಷದ ಹಿಂದೆ ಒಮಾನಿಗೆ ಬಂದು ಇಲ್ಲಿಯವರೊಬ್ಬರ ಪಾಲುದಾರಿಕೆಯಲ್ಲಿ ಏಸಿ ಬಿಡಿಭಾಗಗಳ ಕಂಪನಿ ಕಟ್ಟಿದವರು. ಸಂಕಪ್ಪ ಮೂವತ್ತೊಂದು ವರ್ಷದಿಂದ ಅವರ ಸ್ಟೆನೋ. ಸಾಹೇಬರು ಕೆಲಸ ಬಿಟ್ಟ ಮೇಲೂ ದಿನಾ ಸಂಜೆ ನಾಲ್ಕಕ್ಕೆ ಅವನು ವಾದಿ ಅದಾಯ್‌ನಲ್ಲಿರುವ ಅವರ ಮನೆಗೆ ಹೋಗುತ್ತಾನೆ. ಅವರು ಹಳೆಯ ದಿನಗಳನ್ನು ಹೇಳುತ್ತಾರೆ, ಅವನು ಬರೆದುಕೊಳ್ಳುತ್ತಾನೆ, ವಾರಕ್ಕೊಂದು ಪತ್ರ ಕಂಪ್ಯೂಟರಿನಲ್ಲಿ ಇಂಗ್ಲಿಷರ ಒಂದು ಗುಂಪಿಗೆ ಹೋಗುತ್ತದೆ. ಕಳೆದುಹೋದ ಬೀದಿಗಳನ್ನು ನೆನೆದು ಕಣ್ಣು ಒರೆಸಿಕೊಳ್ಳುವ ಸಾವಿರಾರು ಮುದುಕ ಮುದುಕಿಯರು ಅದರಲ್ಲಿದ್ದಾರೆ. ಇನ್ನೊಂದು ಪ್ರತಿ ಇಂಗ್ಲೆಂಡಿನಲ್ಲಿರುವ ಮಗಳು ಇಸಾಬೆಲ್ಲಾಗೆ. ಪಾಲುದಾರರು ತೀರಿಹೋಗಿ ಈಗ ಕಂಪನಿ ನಡೆಸುತ್ತಿರುವ ಅವರ ಮಗ, ಹೋದ ವರ್ಷ ವಯಸ್ಸಾದವರನ್ನೆಲ್ಲ ಊರಿಗೆ ಕಳಿಸುವಾಗ ಸಂಕಪ್ಪನನ್ನು ಕರೆದು, ಅಂಕಲ್ ಎಡ್ಮಂಡ್ ಇಲ್ಲಿರುವವರೆಗೆ ನೀನೂ ಇರು, ಅವರು ಹೋದ ದಿನ ಖಲಾಸ್, ಅಂದಿದ್ದ. ವೀಸಾ ಮುಗಿಯುವುದು ಜನವರಿಗೆ, ಮಗಳು ತೃಪ್ತಿಯ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಇರುವುದು ಫೆಬ್ರವರಿಗೆ. ಇದೊಂದಾದರೆ ಸಂಕಪ್ಪ ಹೇಗೋ ನಿಭಾಯಿಸುತ್ತಿದ್ದ. ಎರಡು ವರ್ಷದ ಹಿಂದೆ, ಮರೆವು ಶುರುವಾದ ಹೊಸದರಲ್ಲಿ, ಸಾಹೇಬರು ಅವನ ಮಣಿಕಟ್ಟು ಹಿಡಿದು, ನನ್ನನ್ನು ಮತ್ತೆ ಆ ಚಳಿಗೆ ಕಳಿಸಲು ಬಿಡಬೇಡ, ಮಾತು ಕೊಡು, ಎಂದು ಕೇಳಿದ್ದರು. ಸ್ವಂತ ಹೆಂಡತಿಯೂ ಅವನನ್ನು ಅಷ್ಟು ನಂಬಿ ಏನನ್ನೂ ಕೇಳಿರಲಿಲ್ಲ. 'ಎಸ್ ಸರ್' ಅಂದಿದ್ದ. ಈಗ ಇಸಾಬೆಲ್ಲಾ ಹೇಳದೆ ಕೇಳದೆ ನಿನ್ನೆ ಬಂದಿಳಿದಿದ್ದಾಳೆ. ಸಂಜೆ ನಾಲ್ಕಕ್ಕೆ ಬನ್ನಿ, ನಿಮ್ಮ ಹತ್ತಿರ ಮಾತಾಡಬೇಕು, ಎಂದು ಮೆಸೇಜು ಹಾಕಿದ್ದಾಳೆ.

"ರಾತ್ರಿ ನಿದ್ದೆಯಲ್ಲಿ ಎಂತ ಮಾತಾಡಿದ್ದು ನೀವು?" ಲೋಲಾಕ್ಷಿ ಚಾ ಲೋಟ ಮುಂದಿಟ್ಟಳು. "ನೀರು ತಣಿತದೆ, ಬೇಗ ಸ್ನಾನ ಮಾಡಿ ಅಂತ ಹೇಳ್ತಾ ಇದ್ರಿ. ಅದೂ ಇಂಗ್ಲಿಷಿನಲ್ಲಿ."

ಬರ್ನ್ಲಿಯಲ್ಲಿ ಶನಿವಾರ ರಾತ್ರಿ ಗೋಡೆಯ ಮೊಳೆಯಿಂದ ತಗಡಿನ ತೊಟ್ಟಿಯನ್ನು ಇಳಿಸಿ ಬೆಂಕಿಯ ಮುಂದಿಡುತ್ತಾರೆ. ಒಂದೇ ನೀರಿನಲ್ಲಿ ಅಪ್ಪ, ಆಮೇಲೆ ಅಮ್ಮ, ಕೊನೆಗೆ ಮಕ್ಕಳು. ಕೊನೆಯವನ ಪಾಲಿಗೆ ಬರುವಾಗ ನೀರು ಬೂದಿಬಣ್ಣ. ಇದನ್ನು ಹೆಂಡತಿಗೆ ಹೇಳಲು ಹೋದರೆ ಹುಚ್ಚು ಅಂದಾಳು. "ಕನಸು ಬಿದ್ದಿರ್ಬೇಕು ಮಾರಾಯ್ತಿ," ಅಂದ.

"ನಿಮಗೆ ಬೀಳುದು ಅವರ ಕನಸು. ನಮ್ಮದು ಒಂದಾದ್ರೂ ಬೀಳ್ಲಿಕ್ಕಿಲ್ವಾ? ಆ ಹೆಂಗಸು ಕೇಳಿದ್ರೆ ಎಂತ ಹೇಳ್ತೀರಿ? ಪತ್ರ ಬರೆಯುದು ನಾನೇ ಅಂತ ಹೇಳ್ತೀರಾ?"

"ಸುಮ್ಮನಿರು. ಮಗು ಕೇಳ್ತದೆ."

"ಕೇಳ್ಲಿ. ನಾನು ಅಂದೇ ಹೇಳಿದ್ದೆ. ಎರಡು ವಾಕ್ಯ ಸೇರಿಸುದು ಬೇರೆ, ಇಡೀ ಮನುಷ್ಯನನ್ನೇ ಬರೆಯುದು ಬೇರೆ."

ತೃಪ್ತಿ ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಟುಮಾರೋ ಕ್ಲಾಸ್ ಆನ್‌ಲೈನ್. ವೆದರ್ ವಾರ್ನಿಂಗ್," ಅಂದಳು. ಅವಳ ಫೋನು ಆ ಹೊತ್ತಿಗೆ ಸರಿಯಾಗಿ ಗುರ್ ಎಂದಿತು, ಅದರ ಹಿಂದೆಯೇ ಸಂಕಪ್ಪನದ್ದೂ, ಲೋಲಾಕ್ಷಿಯದ್ದೂ. ಒಂದೇ ಎಚ್ಚರಿಕೆ ಮೂವರ ಫೋನಿನಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬಂದಿತ್ತು. ಸಂಕಪ್ಪ ಓದದೆ ಅಳಿಸಿದ.

ಎರಡು ವಾಕ್ಯದಿಂದಲೇ ಶುರುವಾದದ್ದು, ಲೋಲಾಕ್ಷಿ ಹೇಳುವುದು ಸುಳ್ಳಲ್ಲ. ಸಂಕಪ್ಪ ಶಾರ್ಟ್‌ಹ್ಯಾಂಡ್ ಕಲಿತದ್ದು ಮುಂಬಯಿಯ ಮಾವನ ಮನೆಯಲ್ಲಿದ್ದಾಗ, ರಾತ್ರಿ ತರಗತಿಯಲ್ಲಿ. ಅಲ್ಲಿನ ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟದ್ದು ಗೆರೆಗಳನ್ನಲ್ಲ. ಸಾಹೇಬ ಹೇಳುತ್ತಾ ತಡವರಿಸಿದರೆ ತಲೆ ಎತ್ತಬೇಡಿ; ತಲೆ ಎತ್ತಿದರೆ ಅವನಿಗೆ ಅವಮಾನ. ಅವನು ಏನು ಹೇಳಬೇಕೆಂದಿದ್ದನೋ ಅದನ್ನು ಬರೆದುಕೊಂಡು ಮುಂದೆ ಹೋಗಿ. ಟೈಪಾಗಿ ಬಂದದ್ದನ್ನು ಓದಿ ಅವನು ತಾನೇ ಹೇಳಿದೆ ಅಂದುಕೊಂಡರೆ ನೀವು ಪಾಸು. ಸಂಕಪ್ಪ ಮೂವತ್ತೊಂದು ವರ್ಷ ಪಾಸಾದ. ಸೊಹಾರಿನ ಗಿರಾಕಿಗಳಿಗೆ, ಬ್ಯಾಂಕಿಗೆ, ಸಾಹೇಬರು ಅರ್ಧಂಬರ್ಧ ಗೊಣಗಿದ್ದೆಲ್ಲ ಅವನ ಕೈಯಲ್ಲಿ ನೆಟ್ಟಗೆ ನಿಂತವು. ಹಾಗಾಗಿ ಎರಡು ವರ್ಷದ ಹಿಂದೆ ಅವರು ಹಾಲಿನವನ ಕುದುರೆಯ ಹೆಸರು ಮರೆತು ನಿಂತಾಗ ಅವನು ತಲೆ ಎತ್ತಲಿಲ್ಲ, ಹಿಂದೊಮ್ಮೆ ಕೇಳಿದ ಹೆಸರನ್ನು ಬರೆದುಕೊಂಡ. ಆಮೇಲೆ ಅವರು ವಾಕ್ಯಗಳನ್ನು ಮರೆತರು. ಅವನು ವಾಕ್ಯ ತುಂಬಿದ. ಆಮೇಲೆ ಅವರು ಇಡೀ ಸಂಜೆ ಕಿಟಕಿಯಾಚೆಯ ಕರಿಗುಡ್ಡವನ್ನು ನೋಡುತ್ತಾ ಕೂತರು. ಅವನು ಇಡೀ ಸಂಜೆಯನ್ನು ತುಂಬಿದ. ಮೆಟ್ಟಿಲನ್ನು ಕಲ್ಲಿನಿಂದ ತಿಕ್ಕಿ ಬೆಳ್ಳಗೆ ಮಾಡುವ ಅಮ್ಮಂದಿರು. ಅಂಗಳದ ಆಚೆಯ ಕಕ್ಕಸಿನಲ್ಲಿ ದಾರಕ್ಕೆ ಪೋಣಿಸಿದ ಪತ್ರಿಕೆಯ ತುಂಡುಗಳು. ಮಿಲ್ಲುಗಳಿಗೆಲ್ಲ ಒಟ್ಟಿಗೆ ರಜೆ ಕೊಟ್ಟಾಗ ಬೀದಿಗೆ ಬೀದಿಯೇ ಸಮುದ್ರತೀರಕ್ಕೆ ಹೋಗಿ ಅಲ್ಲೂ ಅದೇ ನೆರೆಯವರ ಮುಖ ನೋಡುತ್ತಾ ಕೂರುವುದು. ಮೂವತ್ತು ವರ್ಷ ಕೇಳಿದ ಸರಕು ಬೇಕಾದಷ್ಟಿತ್ತು. ಸಾಹೇಬರಿಗೆ ಓದಿ ಹೇಳಿದರೆ ಅವರ ಮುಖ ಅರಳುತ್ತಿತ್ತು. "ಹೌದು, ಹೌದು, ಹಾಗೇ ಇತ್ತು," ಅನ್ನುತ್ತಿದ್ದರು. ಇಸಾಬೆಲ್ಲಾ ಪ್ರತಿಸಲ ಉತ್ತರ ಬರೆಯುತ್ತಿದ್ದಳು: ಅಪ್ಪಾ, ನಿಮ್ಮ ನೆನಪಿನ ಶಕ್ತಿ ನನಗಿದ್ದಿದ್ದರೆ! ಅದನ್ನು ಓದುವಾಗ ಸಂಕಪ್ಪನಿಗೆ ಅಳುಕಾಗುತ್ತಿತ್ತು, ಆದರೆ ಸುಳ್ಳು ಹೇಳುವುದೇಕೆ, ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ಮೂರು ವಾರದ ಹಿಂದಿನ ಪತ್ರವೇ ಬೇರೆ. ಆವತ್ತು ಸಾಹೇಬರು ಒಂದು ಗಂಟೆ ಬಾಯಿ ತೆರೆದಿರಲಿಲ್ಲ. ಕೊನೆಗೆ, "ನನ್ನ ಅಪ್ಪ," ಅಂದರು. ಅಷ್ಟೇ. ಮುಂದೆ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅಮ್ಮನ ಬಗ್ಗೆ ಹೇಳಿದ್ದಾರೆ, ಸೋದರತ್ತೆಯ ಬಗ್ಗೆ, ನೆರೆಮನೆಯ ಕುಂಟ ನಾಯಿಯ ಬಗ್ಗೆ ಕೂಡ ಹೇಳಿದ್ದಾರೆ. ತೊಟ್ಟಿಯಲ್ಲಿ ಮೊದಲು ಸ್ನಾನ ಮಾಡುವವನು ಎಂಬುದು ಬಿಟ್ಟರೆ ಅಪ್ಪನಿಗೆ ಮುಖವಿರಲಿಲ್ಲ. ಅಪ್ಪನ ಸುದ್ದಿಯನ್ನೇ ಎತ್ತದ ಮನುಷ್ಯ ಅಂದರೆ ಅಪ್ಪ ಚಿಕ್ಕಂದಿನಲ್ಲೇ ಸತ್ತಿರಬೇಕು. ಜೆಪ್ಪುವಿನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಬದುಕಿರುವ ಅಪ್ಪನ ಹೆಸರೆತ್ತದೆ ಯಾರಾದರೂ ಇರುತ್ತಾರೆಯೇ? ಬೈಯುವುದಕ್ಕಾದರೂ ಎತ್ತಬೇಕಲ್ಲ! ಸಂಕಪ್ಪನ ಪೆನ್ನು ತಾನಾಗಿ ಹೊರಟಿತು. ಅವನಿಗೆ ಒಂಬತ್ತು ವರ್ಷ. ಜೆಪ್ಪುವಿನ ಹಂಚಿನ ಕಾರ್ಖಾನೆಯಿಂದ ತನ್ನ ಅಪ್ಪನನ್ನು ನಾಲ್ಕು ಜನ ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದ್ದು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂದು ಅಜ್ಜಿ ಬೂದಿಯ ಮೇಲೆ ನೀರು ಸುರಿದದ್ದು. ನೆರೆಯ ಹೆಂಗಸರು ಬಟ್ಟೆ ಮುಚ್ಚಿದ ಪಾತ್ರೆಗಳಲ್ಲಿ ಗಂಜಿ ತಂದದ್ದು. ಒಂದು ಮನೆಯವರು ಕುಚ್ಚಲಕ್ಕಿ ಗಂಜಿಗೆ ತೆಂಗಿನಕಾಯಿ ತುರಿದು ಹಾಕಿದ್ದರು. ಅಷ್ಟು ರುಚಿಯ ಊಟವನ್ನು ಅವನು ಹುಟ್ಟಿದ ಮೇಲೆ ಉಂಡಿರಲಿಲ್ಲ. ಒಳಗೆ ಅಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ಅವನು ಎರಡನೇ ಸಲ ಬಡಿಸಿಕೊಂಡ. ನಾಳೆಯೂ ಒಲೆ ಹಚ್ಚದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಇದನ್ನು ಅವನು ಹೆಂಡತಿಗೂ ಹೇಳಿದವನಲ್ಲ. ಟೈಪು ಮಾಡುವಾಗ ಕಾರ್ಖಾನೆ ಮಿಲ್ಲಾಯಿತು, ಒಲೆ ಕಲ್ಲಿದ್ದಲಿನದ್ದಾಯಿತು, ಕುಚ್ಚಲಕ್ಕಿ ಓಟ್ಸ್ ಆಯಿತು. ಎರಡನೇ ಸಲ ಬಡಿಸಿಕೊಂಡದ್ದನ್ನು ಮಾತ್ರ ಬದಲಿಸಲಿಲ್ಲ. ಗುಂಪಿನಲ್ಲಿ ಮುನ್ನೂರು ಜನ ಅತ್ತುಕೊಂಡು ಉತ್ತರ ಬರೆದರು. ನಮ್ಮ ಬೀದಿಯಲ್ಲೂ ಹೀಗೇ ಮಾಡುತ್ತಿದ್ದರು, ಈಗ ಯಾರಿಗುಂಟು ಆ ಮನಸ್ಸು, ಎಂದು ಒಬ್ಬ ಮುದುಕಿ ಬರೆದಿದ್ದಳು. ಇಸಾಬೆಲ್ಲಾ ಮಾತ್ರ ಏನೂ ಬರೆಯಲಿಲ್ಲ. ಬಂದೇಬಿಟ್ಟಳು.

ಮೂರೂವರೆಗೆ ಕಂಪನಿಯ ಪಿಕಪ್ಪಿನಲ್ಲಿ ನವಾಝ್ ಅವನನ್ನು ಹತ್ತಿಸಿಕೊಂಡ. ಉಳ್ಳಾಲದ ಬ್ಯಾರಿ ಹುಡುಗ, ಸ್ಟೋರು ನೋಡಿಕೊಳ್ಳುತ್ತಾನೆ, ಬಾಯಿಗೆ ಬೀಗವಿಲ್ಲ. ಆಕಾಶ ಹಳದಿ ತಿರುಗಿತ್ತು, ಗಾಳಿಯೇ ಇರಲಿಲ್ಲ. ಅಂಗಡಿಗಳ ಮುಂದೆ ಜನ ಖುಬೂಸ್ ರೊಟ್ಟಿಗೂ ನೀರಿನ ಕ್ಯಾನಿಗೂ ಮುಗಿಬಿದ್ದಿದ್ದರು.

"ಸಂಕಪ್ಪಣ್ಣ, ರಾತ್ರಿ ವಾದಿ ಬರ್ತದಂತೆ," ಅಂದ ನವಾಝ್. ಒಣಗಿದ ಹಳ್ಳದಲ್ಲಿ ಗುಡ್ಡದ ನೀರು ಒಮ್ಮೆಲೇ ನುಗ್ಗುವುದಕ್ಕೆ ಇಲ್ಲಿ ಎಲ್ಲರೂ ಹಾಗೇ ಹೇಳುವುದು. ಯಾರೋ ನೆಂಟ ಬರುವ ಹಾಗೆ. "ನಿಮ್ಮ ಸಾಯ್ಬರು ನೆಲಮಹಡಿ ಅಲ್ವಾ? ಮೊನ್ನೆ ಗುರುವಾರ ಅವರನ್ನು ನಾನೇ ವಾಪಸ್ ಬಿಟ್ಟದ್ದು, ಗೊತ್ತುಂಟಾ? ವಾದಿಯ ಮಧ್ಯ ನಿಂತಿದ್ರು, ಕೋಟು ಹಾಕ್ಕೊಂಡು. ಎಲ್ಲಿಗೆ ಸಾರ್ ಅಂದ್ರೆ, ಮಿಲ್ಲಿನ ಸೈರನ್ ಆಯ್ತು, ಅಪ್ಪ ಬರುವ ಹೊತ್ತು ಅಂದ್ರು."

ಸಂಕಪ್ಪ ಕಿಟಕಿಯ ಗಾಜು ಏರಿಸಿದ. "ಯಾರಿಗೂ ಹೇಳ್ಬೇಡ ಮಾರಾಯ."

"ನಾನು ಯಾರಿಗೆ ಹೇಳುದು? ಆದ್ರೆ ನೀವು ಇನ್ನೂ ಎಷ್ಟು ದಿನ ಮುಚ್ಚಿಡುದು? ಒಂದು ದಿನ ಎಂತಾದ್ರೂ ಆದ್ರೆ ಪೊಲೀಸು ಕೇಳುದು ನಿಮ್ಮನ್ನು."

ಆ ಅಪ್ಪ ಯಾರ ಅಪ್ಪ ಎಂದು ನವಾಝನಿಗೆ ಹೇಗೆ ಗೊತ್ತಾಗಬೇಕು? ಸೈರನ್ ಆದರೆ ರಸ್ತೆಗೆ ಓಡುತ್ತಿದ್ದವನು ಸಂಕಪ್ಪ, ಅದನ್ನೂ ಆ ಪತ್ರದಲ್ಲಿ ಬರೆದಿದ್ದ. ಕಾರ್ಖಾನೆಯ ಗೇಟಿನಿಂದ ಕೆಂಪು ಧೂಳು ಮೆತ್ತಿದ ಗಂಡಸರು ಸಾಲಾಗಿ ಬರುತ್ತಿದ್ದರು. ಅವರಲ್ಲಿ ಅಪ್ಪ ಯಾರು ಎಂದು ಈಗ ನೆನೆಸಿಕೊಳ್ಳಲು ಹೋದರೆ ಧೂಳು ಕಪ್ಪಾಗುತ್ತದೆ, ಅಪ್ಪನ ತಲೆಯ ಮೇಲೆ ಚಪ್ಪಟೆ ಉಣ್ಣೆ ಟೋಪಿ ಬರುತ್ತದೆ, ಕಾಲಲ್ಲಿ ಮರದ ಅಟ್ಟೆಯ ಬೂಟು ಟಕಟಕ ಅನ್ನುತ್ತದೆ. ಅಪ್ಪನ ಕಾಲಲ್ಲಿ ಚಪ್ಪಲಿ ಕೂಡ ಇರುತ್ತಿರಲಿಲ್ಲ. ಆ ಬರಿಗಾಲನ್ನು ತಂದುಕೊಳ್ಳಲು ಅವನು ಕಣ್ಣು ಮುಚ್ಚಿ ಎಷ್ಟು ಹೆಣಗಿದರೂ ಆಗಲಿಲ್ಲ. ಸಾಹೇಬರಿಗೆ ಕೊಟ್ಟದ್ದು ತನ್ನಿಂದ ಹೋಯಿತು. ಹೀಗೂ ಆಗುತ್ತದೆಯೇ ಎಂದು ಯಾರನ್ನಾದರೂ ಕೇಳಬೇಕೆನ್ನಿಸಿತು, ಆದರೆ ಪಕ್ಕದಲ್ಲಿದ್ದದ್ದು ನವಾಝ್.

ಬಾಗಿಲು ತೆರೆದವಳು ಇಸಾಬೆಲ್ಲಾ. ಐವತ್ತು ದಾಟಿದ ಎತ್ತರದ ಹೆಂಗಸು, ಸಾಹೇಬರದೇ ಮೂಗು. "ಮಿಸ್ಟರ್ ಸಂಕಪ್ಪ, ಅಂತೂ ನೋಡಿದ ಹಾಗಾಯಿತು," ಎಂದು ಕೈ ಕುಲುಕಿದಳು, ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲವೋ, ತನಗೆ ಹಾಗೆ ಕಂಡಿತೋ, ಸಂಕಪ್ಪನಿಗೆ ತಿಳಿಯಲಿಲ್ಲ. ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಅವನನ್ನು ಕಂಡು, "ಓಹೋ, ಬಂದೆಯಾ," ಎಂದು ಪಕ್ಕದ ಸ್ಟೂಲನ್ನು ತೋರಿಸಿದರು. ಅವನು ಕೂರುವಷ್ಟರಲ್ಲಿ ಇಸಾಬೆಲ್ಲಾ ಅಡಿಗೆಮನೆಯಿಂದ ಕರೆದಳು. "ಟೀ ಮಾಡೋಣ ಅಂದರೆ ಒಲೆಯ ತಿರುಪುಗಳೇ ಇಲ್ಲವಲ್ಲ? ನಾಲ್ಕೂ ಇಲ್ಲ."

ತಿರುಪುಗಳು ಸಂಕಪ್ಪನ ಪ್ಯಾಂಟಿನ ಜೇಬಿನಲ್ಲಿದ್ದವು. ಆಗಸ್ಟಿನಲ್ಲಿ ಎರಡು ಸಲ ಸಾಹೇಬರು ಗ್ಯಾಸು ತೆರೆದಿಟ್ಟು, ಬೆಂಕಿ ಹಚ್ಚದೆ, ಹೋಗಿ ಮಲಗಿದ್ದರು. ಅಂದಿನಿಂದ ಹೋಗುವಾಗ ನಾಲ್ಕನ್ನೂ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ, ಬಂದು ಸಿಕ್ಕಿಸುತ್ತಾನೆ. ಈಗ ಅವುಗಳನ್ನು ಅಂಗೈಯಲ್ಲಿ ಹಿಡಿದು ಅವಳ ಮುಂದೆ ನಿಂತಾಗ ಕದ್ದು ಸಿಕ್ಕಿಬಿದ್ದವನ ಹಾಗೆ ಮುಖ ಬಿಸಿಯಾಯಿತು. "ಸಡಿಲ ಆಗಿತ್ತು ಮೇಡಂ. ರಿಪೇರಿಗೆ ಒಯ್ದಿದ್ದೆ."

ಅವಳು ತಿರುಪುಗಳನ್ನೂ ಅವನನ್ನೂ ನೋಡಿದಳು. "ಟೀ ನೀವೇ ಮಾಡುತ್ತೀರಾ? ದಿನಾ ನೀವೇ ಮಾಡುವುದಲ್ಲವೇ?" ಅಂದಳು. ಸ್ಟೆನೋ ಟೀ ಮಾಡುವುದು ಸಾಹೇಬರಿಗಾಗಿ. ಇನ್ನೊಬ್ಬರು ಮಾಡು ಎಂದಾಗ ಅದೇ ಕೆಲಸ ಬೇರೆಯಾಗುತ್ತದೆ, ಆದರೂ ಅವನು ಮಾಡಿದ. ಕೆಟಲನ್ನು ಮೊದಲು ಬಿಸಿನೀರಿನಿಂದ ತೊಳೆದು, ತಲೆಗೊಂದು ಚಮಚ, ಕೆಟಲಿಗೊಂದು ಚಮಚ ಎಲೆ ಹಾಕಿ, ಉಣ್ಣೆಯ ಮುಸುಕು ಹೊದಿಸಿದ. ಇಸಾಬೆಲ್ಲಾ ಬಾಗಿಲಿಗೊರಗಿ ನೋಡುತ್ತಿದ್ದಳು. "ನನ್ನ ಅಜ್ಜಿ ಹೀಗೆ ಮಾಡುತ್ತಿದ್ದಳು," ಅಂದಳು. "ಇಂಗ್ಲೆಂಡಿನಲ್ಲಿ ಈಗ ಯಾರೂ ಹೀಗೆ ಮಾಡುವುದಿಲ್ಲ ಮಿಸ್ಟರ್ ಸಂಕಪ್ಪ. ನಮ್ಮ ಮನೆಯಲ್ಲಿರುವುದು ಕಾಫಿ ಮಷೀನು." ಹೊಗಳಿದ್ದೋ ಕುಟುಕಿದ್ದೋ? ಅವನು ಕಪ್ಪುಗಳನ್ನು ತಟ್ಟೆಯಲ್ಲಿಟ್ಟು ಒಯ್ದ.

ಟೀ ಮುಗಿಯುವವರೆಗೆ ಅವಳು ಹವಾಮಾನದ ಸುದ್ದಿಯನ್ನೇ ಆಡಿದಳು. ಆಮೇಲೆ ಕಪ್ಪು ಕೆಳಗಿಟ್ಟು, "ಮೊದಲು ನಿಮ್ಮ ವಿಷಯ," ಅಂದಳು. "ಬೆಳಿಗ್ಗೆ ಕಂಪನಿಗೆ ಹೋಗಿದ್ದೆ. ಅಪ್ಪ ಇಲ್ಲಿರಲಿ, ಇಲ್ಲದಿರಲಿ, ಮಿಸ್ಟರ್ ಸಂಕಪ್ಪನ ವೀಸಾ ಎರಡು ವರ್ಷ ಮುಂದುವರಿಸಬೇಕು ಎಂದು ಕೇಳಿಕೊಂಡೆ. ಒಪ್ಪಿದರು. ಅಪ್ಪನನ್ನು ಇಷ್ಟು ವರ್ಷ ನೋಡಿಕೊಂಡ ಪ್ರಾಮಾಣಿಕ ಮನುಷ್ಯ ನೀವು. ನಿಮ್ಮ ಮಗಳ ಪರೀಕ್ಷೆ ಇದೆಯಂತಲ್ಲ."

ಎದೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಕಲ್ಲು ಎದ್ದುಹೋದಂತಾಗಿ ಸಂಕಪ್ಪನಿಗೆ ಉಸಿರು ಸಲೀಸಾಯಿತು. ಲೋಲಾಕ್ಷಿಗೆ ಈಗಲೇ ಫೋನು ಮಾಡಬೇಕೆನ್ನಿಸಿತು. ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ, ಎಂದು ಎರಡು ಮೂರು ಸಲ ಹೇಳಿದ. ಹೇಳುತ್ತಿರುವಾಗಲೇ ಅವಳು ಚೀಲದಿಂದ ಮಡಚಿದ ಹಾಳೆಗಳನ್ನು ತೆಗೆದಳು. ಅವನದೇ ಟೈಪು. ದೂರದಿಂದಲೇ ಗುರುತು ಸಿಕ್ಕಿತು.

"ಇದೊಂದನ್ನು ನನಗೆ ಅರ್ಥಮಾಡಿಸಿ," ಎಂದು ಓದತೊಡಗಿದಳು. ಒಲೆ ಹಚ್ಚದ್ದು, ಬಟ್ಟೆ ಮುಚ್ಚಿದ ಪಾತ್ರೆಗಳು. 'ಒಳಗೆ ನನ್ನ ಅಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಎರಡನೇ ಸಲ ಬಡಿಸಿಕೊಂಡೆ. ನಾಳೆಯೂ ಹೀಗೇ ಇರಲಿ ಎಂದು ಬೇಡಿಕೊಂಡೆ. ದೇವರು ನನ್ನನ್ನು ಕ್ಷಮಿಸಲಿ.' ಯಾವಳೋ ಒಬ್ಬಳ ಬಾಯಲ್ಲಿ, ಆ ನುಣುಪಾದ ಇಂಗ್ಲಿಷಿನಲ್ಲಿ, ತನ್ನ ಪಾಪ ಹೀಗೆ ಹಗಲಲ್ಲಿ ಓದಿಸಿಕೊಳ್ಳುತ್ತಿರುವುದನ್ನು ಕೇಳಿ ಸಂಕಪ್ಪನಿಗೆ ಎದ್ದು ಓಡಿಹೋಗುವಂತಾಯಿತು. ಸಾಹೇಬರ ಕಣ್ಣಲ್ಲಿ ನೀರು ಬಂದಿತ್ತು.

"ಮಿಸ್ಟರ್ ಸಂಕಪ್ಪ, ನನ್ನ ಅಜ್ಜ ಸತ್ತದ್ದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ. ನನಗಾಗ ಹದಿನಾಲ್ಕು. ಸೈಕಲ್ಲು ಕಲಿಸಿದ್ದು ಅವನು. ಅಪ್ಪನಿಗೂ ಅವನಿಗೂ ಆಗುತ್ತಿರಲಿಲ್ಲ. ಕುಡಿದು ಬಂದರೆ ಬೆಲ್ಟು ತೆಗೆಯುತ್ತಿದ್ದ ಮನುಷ್ಯ. ಅಪ್ಪ ಅವನ ಅಂತ್ಯಕ್ರಿಯೆಗೂ ಬರಲಿಲ್ಲ, ಹೆಸರನ್ನೂ ಎತ್ತಲಿಲ್ಲ. ಆದರೆ ಒಂಬತ್ತನೇ ವಯಸ್ಸಿಗೆ ಅವನನ್ನು ಸಾಯಿಸುವುದೆಂದರೆ?"

ಬದುಕಿದ್ದ. ಬೆಲ್ಟಿನಿಂದ ಹೊಡೆಯುತ್ತಾ, ಸೈಕಲ್ಲು ಕಲಿಸುತ್ತಾ, ಮೂವತ್ತೈದು ವರ್ಷ ಹೆಚ್ಚೇ ಬದುಕಿದ್ದವನನ್ನು ಸಂಕಪ್ಪ ಒಂದು ಸಂಜೆ ಕೂತು ಕೊಂದು ಹಾಕಿದ್ದ. ಅಯ್ಯೋ ದೇವರೇ, ಎಂಥ ಕೆಲಸ ಮಾಡಿದೆ! ಕೇಳಬಹುದಿತ್ತು. ತಲೆ ಎತ್ತಿ ಒಂದು ಮಾತು, ನಿಮ್ಮ ತಂದೆ ಯಾವಾಗ ತೀರಿಕೊಂಡದ್ದು ಸರ್, ಎಂದು ಕೇಳಿದ್ದರೆ ಸಾಕಿತ್ತು.

"ಎರಡೇ ಸಾಧ್ಯತೆ," ಅವಳು ಮೆತ್ತಗೆ ಹೇಳಿದಳು, ಅಪ್ಪನಿಗೆ ಕೇಳಿದರೂ ಅಡ್ಡಿಯಿಲ್ಲ ಎನ್ನುವಂತೆ. "ಇದನ್ನು ಅಪ್ಪನೇ ಹೇಳಿದ್ದಾದರೆ ಅವರ ತಲೆ ಕೈಬಿಟ್ಟಿದೆ. ಗುರುವಾರ ನನ್ನ ಜೊತೆ ಕರೆದುಕೊಂಡು ಹೋಗಿ ಅಲ್ಲಿನ ವೃದ್ಧಾಶ್ರಮವೊಂದಕ್ಕೆ ಸೇರಿಸುತ್ತೇನೆ, ಜಾಗ ಕೇಳಿಟ್ಟಿದ್ದೇನೆ. ಅಲ್ಲ, ಬೇರೆ ಯಾರೋ ಬರೆದದ್ದು ಅನ್ನುವುದಾದರೆ ಅವರಿಗೆ ಬರೀ ವಯಸ್ಸಾಗಿದೆ ಅಷ್ಟೆ. ಒಬ್ಬ ನರ್ಸನ್ನು ಇಟ್ಟು ಇಲ್ಲೇ ಬಿಡಬಹುದು. ಆದರೆ ಆಗ ಬರೆದವರು ಯಾರು, ಎಷ್ಟು ದಿನದಿಂದ, ಯಾಕೆ ಎಂದು ನಾನು ಕೇಳಬೇಕಾಗುತ್ತದೆ. ನೀವು ಪ್ರಾಮಾಣಿಕರು. ಹೇಳಿ. ಇದನ್ನು ಅಪ್ಪನೇ ಹೇಳಿ ಬರೆಸಿದರೇ?"

ನಾನು, ಎಂದರೆ ಮುಗಿಯಿತು. ಅದು ನನ್ನ ಅಪ್ಪ, ನನ್ನ ಗಂಜಿ, ನನ್ನ ಪಾಪ. ಸಾಹೇಬರು ಈ ಕಿಟಕಿಯ ಪಕ್ಕದಲ್ಲೇ ಉಳಿಯುತ್ತಾರೆ, ನರ್ಸು ಗ್ಯಾಸು ನೋಡಿಕೊಳ್ಳುತ್ತಾಳೆ, ವಾದಿ ಬಂದರೆ ಮೇಲಿನ ಮನೆಗೆ ಒಯ್ಯುತ್ತಾಳೆ. ತಾನು ಮಾತ್ರ ಎರಡು ವರ್ಷ ಅವರ ಮಗಳಿಗೆ ಮೋಸ ಮಾಡಿದ ಗುಮಾಸ್ತ. ಐದು ನಿಮಿಷದ ಹಿಂದೆ ಕೊಟ್ಟ ವೀಸಾವನ್ನು ಅವಳು ಒಂದು ಫೋನಿನಲ್ಲಿ ವಾಪಸು ತೆಗೆದುಕೊಳ್ಳುತ್ತಾಳೆ. ಇವಳು ಆ ವರವನ್ನು ಕೊಡದೇ ಇದ್ದಿದ್ದರೆ! ಕೊಡದೇ ಇದ್ದಿದ್ದರೆ ಸಾಹೇಬರು ಉಳಿಯುವುದೇ ತನ್ನ ಲಾಭವೂ ಆಗಿ, ಬಾಯಿ ತಾನಾಗಿ ತೆರೆಯುತ್ತಿತ್ತು. ಕಳೆದುಕೊಳ್ಳಲು ಏನೂ ಇಲ್ಲದಾಗ ಸತ್ಯ ಹೇಳಬಹುದಿತ್ತು ಎಂದು ಯೋಚಿಸುತ್ತಾ ಕೂತಿರುವ ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಹೇಳಿಬಿಡುತ್ತೇನೆ, ಎಂದುಕೊಂಡ. ನಾಲಿಗೆಯ ಮೇಲೆ ಮಾತು ಬಂದೂ ಬಂದಿತ್ತು.

"ಇವನನ್ನೇನು ಕೇಳುತ್ತೀ," ಎಂದರು ಸಾಹೇಬರು, ಸ್ಪಷ್ಟವಾಗಿ, ಹಳೆಯ ಆಫೀಸಿನ ಗತ್ತಿನಲ್ಲಿ. "ನಾನೇ ಹೇಳುತ್ತೇನೆ. ಅಪ್ಪನನ್ನು ನಾಲ್ಕು ಜನ ಹೊತ್ತು ತಂದರು. ಒಲೆಯ ಬೂದಿಗೆ ನೀರು ಸುರಿದರು. ನಾನು ಮೆಟ್ಟಿಲ ಮೇಲೆ ಕೂತು ಗಂಜಿ ಉಂಡೆ. ಸಂಕಪ್ಪನೂ ಅಲ್ಲೇ ಇದ್ದ, ನನ್ನ ಪಕ್ಕದಲ್ಲಿ. ಅವನೂ ಉಂಡ. ಅಲ್ಲವೇ ಸಂಕಪ್ಪ?"

"ಎಸ್ ಸರ್," ಅಂದ ಸಂಕಪ್ಪ.

ಮೂವತ್ತೊಂದು ವರ್ಷದ ಅಭ್ಯಾಸ. ಇನ್ನೊಬ್ಬರ ಎದುರಿಗೆ ಸಾಹೇಬರ ಮಾತನ್ನು ಅವನು ಒಂದು ದಿನವೂ ಅಲ್ಲಗಳೆದವನಲ್ಲ. ಬಾಯಿಂದ ಬಿದ್ದ ಮೇಲೆಯೇ ಅವನಿಗೆ ಏನಂದೆ ಎಂದು ತಿಳಿದದ್ದು. ಇಸಾಬೆಲ್ಲಾ ಅಪ್ಪನನ್ನೇ ನೋಡಿದಳು. ಎದ್ದು ಬಂದು ಸಂಕಪ್ಪನ ಹೆಗಲ ಮೇಲೆ ಕೈಯಿಟ್ಟು, "ಗೊತ್ತಾಯಿತು," ಅಂದಳು. "ಅವರು ಹೇಳಿದ್ದಕ್ಕೆಲ್ಲ ನೀವು ಹೂಂ ಅನ್ನುತ್ತಾ ಬಂದಿದ್ದೀರಿ. ಒಳ್ಳೆಯ ಮನಸ್ಸು ನಿಮ್ಮದು. ಥ್ಯಾಂಕ್ಯೂ." ಅವನು ಇಲ್ಲ ಮೇಡಂ ಎಂದು ಶುರುಮಾಡುವ ಮೊದಲೇ ಅವಳು ಫೋನು ಹಿಡಿದು ಒಳಕೋಣೆಗೆ ಹೋದಳು. ಗುರುವಾರ, ಎರಡು ಸೀಟು, ಒಂದು ಗಾಲಿಕುರ್ಚಿ, ಎಂದು ಹೇಳುತ್ತಿರುವುದು ಗೋಡೆಯಾಚೆಯಿಂದ ಕೇಳಿಸಿತು. ಹೊರಗೆ ಹೊತ್ತಲ್ಲದ ಹೊತ್ತಿಗೆ ಕತ್ತಲಾಗಿತ್ತು. ಮೊದಲ ದಪ್ಪ ಹನಿಗಳು ಏಸಿಯ ತಗಡಿನ ಮೇಲೆ ಬಿದ್ದವು. ಎದ್ದು ಹೋಗಿ ಆ ಕೋಣೆಯ ಬಾಗಿಲು ತಟ್ಟಬೇಕು, ಈಗಲೂ ಹೊತ್ತು ಮೀರಿಲ್ಲ, ಎಂದು ಸಂಕಪ್ಪ ತನಗೆ ತಾನೇ ಹೇಳಿಕೊಂಡ. ಕೂತಲ್ಲೇ ಕೂತಿದ್ದ.

ಸಾಹೇಬರು ಬಗ್ಗಿ ಅವನ ಮೊಣಕಾಲು ಮುಟ್ಟಿದರು. "ಆಮೇಲೆ ಏನಾಯಿತು? ಅಪ್ಪ ಸತ್ತ ಮೇಲೆ? ನನಗೆ ಅಲ್ಲಿಂದ ಮುಂದಕ್ಕೆ ನೆನಪಾಗುತ್ತಿಲ್ಲ."

"ಆಮೇಲೆ ಮಾವ ಬಂದರು ಸರ್. ಅಮ್ಮನ ತಮ್ಮ. ದೂರದ ದೊಡ್ಡ ಊರಿಂದ."

"ಯಾಕೆ?"

"ಹುಡುಗನನ್ನು ಕರೆದುಕೊಂಡು ಹೋಗಲಿಕ್ಕೆ. ಇಲ್ಲಿ ನೋಡಿಕೊಳ್ಳುವವರು ಯಾರಿದ್ದಾರೆ, ಅಲ್ಲಿ ಅವನಿಗೆ ಒಳ್ಳೆಯದಾಗುತ್ತದೆ, ಅಂದರು."

"ನಾನು ಬರುವುದಿಲ್ಲ ಅಂದೆನೋ?"

"ಅಂದಿರಿ ಸರ್."

"ಜೋರಾಗಿ ಅಂದೆನೋ?"

"ಬಾಗಿಲ ದಾರಂದ ತಬ್ಬಿಕೊಂಡು ಅತ್ತಿರಿ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು."

"ಆದರೂ ಕರೆದುಕೊಂಡು ಹೋದರೋ?"

"ಎಸ್ ಸರ್."

ಸಾಹೇಬರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಅವರ ತುಟಿ ಚಿಕ್ಕ ಮಕ್ಕಳ ಹಾಗೆ ಸೊಟ್ಟಗಾಯಿತು. "ನೀನು ಅಲ್ಲೇ ಇದ್ದೆಯಲ್ಲ ಸಂಕಪ್ಪ," ಅಂದರು. "ನನ್ನ ಪಕ್ಕದಲ್ಲೇ ಇದ್ದೆ. ನೀನೂ ಏನೂ ಹೇಳಲಿಲ್ಲವೇ?"

"ಇಲ್ಲ ಸರ್," ಅಂದ ಸಂಕಪ್ಪ. "ನಾನೂ ಏನೂ ಹೇಳಲಿಲ್ಲ."